ಹದಿನಾರು ದೀಪ, ಒಂದು ನೆರಳು

ಕಳೆದ ವಾರ ಕುಲಶೇಖರದಲ್ಲಿ ಗೆಳೆಯರೊಬ್ಬರ ಹೊಸ ಮನೆಯ ಒಕ್ಕಲು. ಊಟವಾದ ಮೇಲೆ ಮನೆ ತೋರಿಸುತ್ತ ಒಂದೊಂದೇ ಸ್ವಿಚ್ ಹಾಕಿದರು. ಚಾವಡಿಯ ಫಾಲ್ಸ್ ಸೀಲಿಂಗಿನಲ್ಲಿ ಹದಿನಾರು ದೀಪಗಳು! "ಎಲ್ಲ ಎಲ್‌ಇಡಿ ಮಾರಾಯ್ರೇ, ಕರೆಂಟೇ ತಿನ್ನುವುದಿಲ್ಲ" ಎಂದರು. ಮುಂದೆ, ಎಸ್ಸೆಸ್ಸೆಲ್ಸಿ ಓದುವ ಮಗಳ ಕೋಣೆ. ಮೇಜು ಗೋಡೆಗೆ ತಾಗಿದೆ, ಇರುವ ಒಂದೇ ದೀಪ ಅವಳ ಬೆನ್ನ ಹಿಂದೆ. ಪುಸ್ತಕ ಬಿಡಿಸಿದರೆ ಅಕ್ಷರಗಳ ಮೇಲೆ ಅವಳದೇ ತಲೆಯ ನೆರಳು.

ಏಳು ವ್ಯಾಟಿನ ಹದಿನಾರು ದೀಪವೆಂದರೆ 112 ವ್ಯಾಟ್. ಹಳೆಯ ಮನೆಯಲ್ಲಿ ಚೋಕ್ ಇದ್ದ ಎರಡು ಟ್ಯೂಬ್‌ಲೈಟು ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಿದ್ದವು. ಹಾಗಾದರೆ ಉಳಿಸಿದ್ದೇನು?

ಅಂಗಡಿಯಲ್ಲಿ ನಾವು ಕೇಳುವುದು "ಎಷ್ಟು ವ್ಯಾಟ್?" ಎಂದು. ಅದು ದೀಪ ತಿನ್ನುವ ಲೆಕ್ಕ. ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್. ಪೆಟ್ಟಿಗೆಯ ಮೇಲೆ ಅದೂ ಅಚ್ಚಾಗಿರುತ್ತದೆ, ಓದುವವರು ಕಡಿಮೆ. ಹಳೆಯ 60 ವ್ಯಾಟಿನ ಬುರುಡೆ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. 2015ರ ಡಿಸೆಂಬರಿನಲ್ಲಿ ಆರಂಭವಾದ ರಾಜ್ಯದ 'ಹೊಸ ಬೆಳಕು' ಯೋಜನೆಯಲ್ಲಿ ಮಾರಿದಂಥ 9 ವ್ಯಾಟಿನ ಎಲ್‌ಇಡಿ ಬಲ್ಬು ಅದಕ್ಕಿಂತ ಕಡಿಮೆಯೇನಲ್ಲ. ಪೆಟ್ಟಿಗೆಯ ಮೇಲಿನ ನಕ್ಷತ್ರಗಳನ್ನೂ ಎಣಿಸಿ. ಹೆಚ್ಚಿದ್ದಷ್ಟೂ ಒಂದೊಂದು ವ್ಯಾಟಿಗೆ ಸಿಗುವ ಬೆಳಕು ಹೆಚ್ಚು.

ಮಕ್ಕಳೇ, ನಂಬಿಕೆ ಬಾರದಿದ್ದರೆ ಮೀಟರನ್ನೇ ಕೇಳಿ. ಅದರ ಮೇಲೆ ಮಿನುಗುವ ಪುಟ್ಟ ದೀಪ ಎಷ್ಟು ಸಲ ಮಿನುಗಿದರೆ ಒಂದು ಯುನಿಟ್ ಎಂದು ಅಲ್ಲಿಯೇ ಬರೆದಿರುತ್ತದೆ. 3200 ಎಂದಿದೆ ಎಂದಿಟ್ಟುಕೊಳ್ಳಿ. ಫ್ರಿಜ್, ಇನ್ವರ್ಟರ್ ಸಹಿತ ಎಲ್ಲವನ್ನೂ ಆರಿಸಿ (ಅಮ್ಮನ ಅಪ್ಪಣೆ ಪಡೆದೇ!) ಒಂದು ಬಲ್ಬು ಮಾತ್ರ ಉರಿಸಿ. 60 ವ್ಯಾಟಿನದಾದರೆ ಸುಮಾರು 19 ಸೆಕೆಂಡಿಗೊಮ್ಮೆ ಮಿನುಗುತ್ತದೆ. 9 ವ್ಯಾಟಿನದಾದರೆ ಎರಡು ನಿಮಿಷ ಕಳೆದರೂ ಕಾಯಬೇಕು.

ಇನ್ನು ಹಿರಿಯರಿಗೆ. ಮೇಜು ಎಲ್ಲಿ, ಒಲೆ ಎಲ್ಲಿ ಎಂದು ಗಾರೆ ಹಾಕುವ ಮೊದಲೇ ತೀರ್ಮಾನಿಸಿ, ವಯರಿಂಗಿನವರಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಕೊಡಿ. ಬಲಗೈಯಲ್ಲಿ ಬರೆಯುವ ಮಕ್ಕಳಿಗೆ ಬೆಳಕು ಎಡದಿಂದ ಬರಲಿ. ನಮ್ಮೂರಿನಲ್ಲಿ ಆಟಿಯ ಮಳೆಗೆ ಹಗಲೂ ಕತ್ತಲು. ಗೋಡೆಗೆ ಬಿಳಿ ಬಣ್ಣವಿದ್ದರೆ ಇರುವ ಬೆಳಕೇ ಹರಡುತ್ತದೆ. ಹಂಚಿನ ಮಾಡಿದ್ದವರು ಅಡುಗೆಮನೆಯ ಮೇಲೆ ಒಂದೆರಡು ಗಾಜಿನ ಹಂಚು ಇಡುತ್ತಿದ್ದರಲ್ಲ, ಅದಕ್ಕೆ ಬಿಲ್ಲೇ ಇರಲಿಲ್ಲ.

ಗೆಳೆಯರು ಮಗಳಿಗೆ ಸದ್ಯ ಒಂದು ಮೇಜುದೀಪ ತಂದಿದ್ದಾರೆ. ಗೋಡೆ ಒಡೆಯಲು ಮನಸ್ಸಿಲ್ಲ. ಬಣ್ಣ ಹೊಡೆದು ತಿಂಗಳೂ ಆಗಿಲ್ಲ.