ಹಣ್ಣಿನ ಚಿತ್ರದ ಅಂಚೆ ಚೀಟಿಗಳು

ಹಳೆಯ ಅಂಚೆ ಚೀಟಿಗಳನ್ನು ಶೇಖರಿಸುವವರಲ್ಲಿ ಹಣ್ಣಿನ ಚಿತ್ರವುಳ್ಳವುಗಳನ್ನು ಮಾತ್ರವೇ ಆಯತಕ್ಕವರೂ ಉಂಟು. ಹವ್ಯಾಸವು ಮೆಚ್ಚತಕ್ಕುದೇ, ಆದರೆ ಚೀಟಿಯನ್ನು ನೀರಿನಲ್ಲಿ ನೆನೆಯಿಸಿ ಬಿಡಿಸಿಕೊಂಡು ಲಕೋಟೆಯನ್ನು ಕಸಕ್ಕೆ ಹಾಕುವ ಪದ್ಧತಿಯು ಒಪ್ಪತಕ್ಕುದಲ್ಲ.

ಭಾರತದಲ್ಲಿ 1967ರಲ್ಲಿ ಹೊರಟ 50 ಪೈಸೆಯ ಮಾವಿನ ಹಣ್ಣಿನ ಚೀಟಿಯನ್ನೇ ನೋಡಬಹುದು. ಇದು ದಿನಬಳಕೆಯದಾದುದರಿಂದ ಬಿಡಿಯಾಗಿ ದೊರೆಯುವುದು ಕಷ್ಟವಲ್ಲ, ಬೆಲೆಯೂ ಅಲ್ಪ. ಅದೇ ಚೀಟಿಯು ಲಕೋಟೆಯ ಮೇಲಿದ್ದು, ಮೊಹರಿನಲ್ಲಿ ಊರಿನ ಹೆಸರೂ ತಾರೀಖೂ ಸ್ಪಷ್ಟವಾಗಿದ್ದರೆ, ಅದು ಎಲ್ಲಿಂದ ಎಲ್ಲಿಗೆ, ಯಾವಾಗ ಹೋಯಿತೆಂಬುದು ತಿಳಿಯುತ್ತದೆ. ಬಿಡಿಸಿದ ಚೀಟಿಯಲ್ಲಿ ಉಳಿಯುವುದು ಮೊಹರಿನ ಒಂದು ಚೂರು. ಕಿತ್ತ ಸ್ಥಳ, ತಾರೀಖುಗಳನ್ನು ಬರೆದಿಡದ ಒಣಗಿದ ಕೊಂಬೆಯನ್ನು ಸಸ್ಯಸಂಗ್ರಹಾಲಯದವರು ಆದರಿಸುವುದಿಲ್ಲ. ಚೀಟಿಗೆ ಮಾತ್ರ ಬೇರೆ ನ್ಯಾಯವೇಕೆ? ಹಳೆಯ ಪತ್ರಗಳ ಕಟ್ಟುಗಳು ಮನೆಮನೆಯಿಂದ ರದ್ದಿಗೆ ಹೋಗುತ್ತಿರುವ ಈ ಕಾಲದಲ್ಲಿ, ಉಳಿದಿರುವ ಲಕೋಟೆಗಳನ್ನು ಶೇಖರಕರೇ ಹಾಳುಮಾಡುವುದು ವಿಷಾದಕರ.

ಬಳಸದ ಚೀಟಿಗಳಿಗೂ ಅವುಗಳದೇ ಆದ ಆರೈಕೆಯುಂಟು. ಶಾಂತಸಾಗರದ ಟೋಂಗಾ ದ್ವೀಪಗಳಲ್ಲಿ 1969ರಲ್ಲಿ ಬಾಳೆಹಣ್ಣಿನ ಆಕಾರದಲ್ಲಿಯೇ ಕತ್ತರಿಸಿದ ಚೀಟಿಗಳು ಹೊರಟವು. ಇವು ಹಿಂಬದಿಯ ಕಾಗದದಿಂದ ಸುಲಿದು ಅಂಟಿಸತಕ್ಕವು. ಹಣ್ಣನ್ನು ಸುಲಿಯದೆ ತಿನ್ನಲಾಗದು ನಿಜ. ಸಂಗ್ರಹಕ್ಕಾಗಿ ಕೊಂಡ ಈ ಬಾಳೆಯನ್ನಾದರೋ ಸುಲಿಯಲೇಬಾರದು.

ಯಾವ ಚೀಟಿಯನ್ನೂ ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಕೂಡದು. ಬೆರಳಿನ ಬೆವರು ತಾಗದಂತೆ ಚಿಮುಟದಿಂದ ಎತ್ತಬೇಕು. ಮಳೆಗಾಲದಲ್ಲಿ ಪುಸ್ತಕವನ್ನು ಥಂಡಿ ಗೋಡೆಗೆ ತಾಗಿಸಿಡದೆ, ಕಾಗದ ತಿನ್ನುವ ಹುಳು ಸೇರಿದೆಯೇ ಎಂದು ಆಗಾಗ್ಗೆ ತೆರೆದು ನೋಡತಕ್ಕದ್ದು.