ಪೆಟ್ಟಿಗೆ ಇದೆ, ಒಳಗಿನದು?

ಸರ್ಕಾರಿ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ಎಂಬ ವಿಧಿ ನಡೆಯುತ್ತದೆ. ಸೇವೆಗೆ ಸೇರಿದ ಹೊಸದರಲ್ಲಿ ನಾನೂ ಉಗ್ರಾಣವೊಂದರ ವಹಿಯಲ್ಲಿ ‘ಪರಿಶೀಲಿಸಿದೆ, ಸರಿಯಿದೆ’ ಎಂದು ಸಹಿ ಹಾಕಿದ್ದೆ. ಪೆಟ್ಟಿಗೆಗಳ ಬೀಗ ಭದ್ರವಾಗಿದ್ದವು. ತೆರೆದು ನೋಡುವ ಗೋಜಿಗೆ ಹೋಗಿರಲಿಲ್ಲ. ಆರು ತಿಂಗಳ ನಂತರ ತೆರೆದಾಗ ಒಂದರಲ್ಲಿ ಇರಬೇಕಾಗಿದ್ದ ಮೋಜಣಿ ಉಪಕರಣ ಇರಲಿಲ್ಲ. ಅದು ಕಾಣೆಯಾದದ್ದು ಯಾವಾಗ ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಆ ಸುಳಿವನ್ನು ಅಳಿಸಿದ್ದು ನನ್ನದೇ ಸಹಿ.

2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ಬಂದ ಸುದ್ದಿ ಆ ಸಹಿಯನ್ನು ನೆನಪಿಸಿತು. ರಿಯೊ ಟಿಂಟೊ ಕಂಪೆನಿಯ ಕಬ್ಬಿಣದ ಅದಿರು ಗಣಿಯಿಂದ ಪರ್ತ್ ನಗರಕ್ಕೆ ದುರಸ್ತಿಗೆಂದು ಲಾರಿಯಲ್ಲಿ ಸಾಗಿಸಿದ್ದ ಸಾಂದ್ರತಾಮಾಪಕದಿಂದ ಸೀಸಿಯಂ-137 ಅಡಕವಾಗಿದ್ದ ಕ್ಯಾಪ್ಸೂಲ್ ಕಳಚಿ ಬಿದ್ದಿತ್ತು. ಅದರ ಎತ್ತರ 8 ಮಿ.ಮೀ.; ಹುಡುಕಬೇಕಾದ ದಾರಿ ಸುಮಾರು 1,400 ಕಿ.ಮೀ. ಲಾರಿಯ ಕುಲುಕಾಟಕ್ಕೆ ತಿರುಪುಗಳು ಸಡಿಲಗೊಂಡು, ಬೋಲ್ಟ್ ಕಳಚಿದ ರಂಧ್ರದಿಂದ ಅದು ಜಾರಿರಬೇಕೆಂದು ಅಧಿಕಾರಿಗಳು ಊಹಿಸಿದರು. ಫೆಬ್ರುವರಿ 1ರಂದು, ಪತ್ತೆ ಸಾಧನ ಹೊತ್ತು ಗಂಟೆಗೆ 70 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದ ವಾಹನವೊಂದಕ್ಕೆ ಅದು ರಸ್ತೆಯಂಚಿನಿಂದ ಎರಡು ಮೀಟರ್ ಆಚೆ ಸಿಕ್ಕಿತು.

ಜಗತ್ತು ಈ ಶೋಧವನ್ನು ಕೊಂಡಾಡಿತು, ಅದು ನ್ಯಾಯವೇ. ಆದರೆ ನನ್ನ ಕಣ್ಣು ನೆಟ್ಟಿದ್ದು ಎರಡು ದಿನಾಂಕಗಳ ಮೇಲೆ. ಪೆಟ್ಟಿಗೆ ಪರ್ತ್ ತಲುಪಿದ್ದು ಜನವರಿ 16ರಂದು, ತೆರೆದದ್ದು 25ರಂದು. ನಡುವಿನ ಒಂಬತ್ತು ದಿನ ಕ್ಯಾಪ್ಸೂಲ್ ಕಾಗದದ ಮೇಲೆ ಸುರಕ್ಷಿತವಾಗಿತ್ತು, ವಾಸ್ತವದಲ್ಲಿ ಹೆದ್ದಾರಿಯ ಬದಿಯಲ್ಲಿ ಬಿದ್ದಿತ್ತು.

ಆ ರಾಜ್ಯದ ಕಾನೂನಿನಲ್ಲಿ ಇಂಥ ತಪ್ಪಿಗೆ ಆಗ ಇದ್ದ ಗರಿಷ್ಠ ದಂಡ 1,000 ಡಾಲರ್. ಇದು ನಗೆಪಾಟಲೆಂದು ಹಲವರು ಟೀಕಿಸಿದರು. ದಂಡ ಏರಿಸುವುದೊಂದೇ ಪರಿಹಾರ ಎಂಬುದನ್ನು ಮಾತ್ರ ಅರ್ಥಶಾಸ್ತ್ರ ಓದಿದ ನಾನು ಒಪ್ಪಲಾರೆ. ಕಳೆದುಕೊಂಡದ್ದಕ್ಕೆ ದಂಡ ಹೆಚ್ಚಿದಷ್ಟೂ ಮುಚ್ಚಿಡುವ ಆಸೆಯೂ ಹೆಚ್ಚುತ್ತದೆ. ದುಬಾರಿಯಾಗಬೇಕಾದದ್ದು ತೆರೆದು ನೋಡದಿರುವುದು. ಅಗ್ಗವಾಗಬೇಕಾದದ್ದು ಕಳೆದುದನ್ನು ತಕ್ಷಣ ಒಪ್ಪಿಕೊಳ್ಳುವುದು.

ಇದು ದೂರದ ದೇಶದ ಕಥೆ ಎಂದು ನಾವು ನಿರಾಳರಾಗುವಂತಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಉಪಕರಣ 2010ರಲ್ಲಿ ಗುಜರಿ ಸಾಮಾನೆಂದು ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅದನ್ನು ಒಡೆದಾಗ ಹೊರಬಿದ್ದದ್ದು ಕೋಬಾಲ್ಟ್-60. ಒಬ್ಬ ಕಾರ್ಮಿಕ ಪ್ರಾಣ ತೆತ್ತ. ಹಲವರು ಆಸ್ಪತ್ರೆ ಸೇರಿದರು. ಅಲ್ಲಿಯೂ ಹರಾಜಿನ ಕಡತ ಕ್ರಮಬದ್ಧವಾಗಿಯೇ ಇದ್ದಿರಬೇಕು!

ವಿಕಿರಣಶೀಲ ಉಪಕರಣ ಕೊಳ್ಳುವವರು ಆರಂಭದಲ್ಲೇ ದೊಡ್ಡ ಠೇವಣಿ ಇಡಲಿ; ಬಳಕೆ ಮುಗಿದು ಅದನ್ನು ಸುರಕ್ಷಿತವಾಗಿ ಒಪ್ಪಿಸಿದಾಗಲಷ್ಟೇ ಹಣ ಮರಳಲಿ. ಪ್ರತಿ ಸಾಗಣೆಯ ಎರಡೂ ತುದಿಯಲ್ಲಿ ಮಾಪಕ ಹಿಡಿದು ವಿಕಿರಣ ಅಳೆದ ನಂತರವೇ ರಶೀದಿಗೆ ಸಹಿ ಬೀಳಲಿ. ಇದಕ್ಕೆ ತಗಲುವುದು ಕೆಲವೇ ನಿಮಿಷ.

ನನ್ನ ಉಗ್ರಾಣದಿಂದ ಕಾಣೆಯಾದ ಉಪಕರಣದಿಂದ ಯಾರಿಗೂ ಕೇಡಾಗಲಿಲ್ಲ. ಅದು ನನ್ನ ದಕ್ಷತೆಯಲ್ಲ, ಅದೃಷ್ಟ.