ಶಿಕ್ಷಣ ಯೋಜನೆಗಳಿಗೆ ಅನುದಾನ: ಅವಧಿ ಮುಗಿದ ನಂತರದ ವೆಚ್ಚ ಯಾರದು?

2001ರಲ್ಲಿ ಪ್ರಾರಂಭವಾದ ಸರ್ವ ಶಿಕ್ಷಣ ಅಭಿಯಾನದ ವೆಚ್ಚದಲ್ಲಿ ರಾಜ್ಯಗಳ ಪಾಲು ಮೊದಲಿಗೆ ಶೇ. 15 ಮಾತ್ರ ಆಗಿತ್ತು. 2018ರಲ್ಲಿ ಅದು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನಗೊಳ್ಳುವ ವೇಳೆಗೆ ಕರ್ನಾಟಕದ ಪಾಲು ಶೇ. 40ಕ್ಕೆ ಏರಿತ್ತು. ಹೊರಗಿನ ನೆರವು ಕುಗ್ಗಿದರೂ ವೆಚ್ಚ ಕುಗ್ಗುವುದಿಲ್ಲ.

ಅನುದಾನ ಕೋರುವ ಸಂಸ್ಥೆಗಳು ಇದನ್ನು ಗಮನಿಸತಕ್ಕದ್ದು. ಕೊಠಡಿ ನಿರ್ಮಾಣವು ಒಮ್ಮೆಯ ವೆಚ್ಚ. ಗೌರವಧನ, ವಿದ್ಯುತ್ ಶುಲ್ಕ, ದುರಸ್ತಿ ಪ್ರತಿ ವರ್ಷವೂ ಬರತಕ್ಕವು. ಗೌರವಧನ ನಿಂತ ತಿಂಗಳೇ ಮಕ್ಕಳ ತರಗತಿಯೂ ನಿಲ್ಲುತ್ತದೆ. ಗಣಕಯಂತ್ರಗಳ ಕೋರಿಕೆಯಲ್ಲಂತೂ ಖರೀದಿಯ ದರಪಟ್ಟಿ ಇರುತ್ತದೆ, ಬ್ಯಾಟರಿ ಬದಲಾವಣೆಯ ಪ್ರಸ್ತಾಪವೇ ಇರುವುದಿಲ್ಲ. “ಸಮುದಾಯದ ಸಹಕಾರದಿಂದ ನಿರ್ವಹಿಸಲಾಗುವುದು” ಎಂಬ ವಾಕ್ಯವನ್ನು ಹಣದ ಮೂಲವೆಂದು ಪರಿಗಣಿಸಲಾಗದು. ವಂತಿಗೆ ಎಷ್ಟು, ಯಾರಿಂದ, ಯಾವ ಖಾತೆಗೆ ಎಂಬ ವಿವರವುಳ್ಳ ಶಾಲಾಭಿವೃದ್ಧಿ ಸಮಿತಿಯ ನಡವಳಿಯ ಪ್ರತಿಯನ್ನು ಪ್ರಸ್ತಾವನೆಯೊಂದಿಗೆ ಲಗತ್ತಿಸುವುದು ಸೂಕ್ತ.